ಡಿಸ್ಕ್ ಗಾಲ್ಫ್: ಎಸೆದ ಡಿಸ್ಕ್ ಎಡಕ್ಕೇ ಬೀಳುವುದೇಕೆ?

(ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿ ತೂಗುವ ಬುಟ್ಟಿಗೆ ಹಾಕುವ ಆಟವೇ ಡಿಸ್ಕ್ ಗಾಲ್ಫ್.)

ಪ್ರಶ್ನೆ: ಬಹಳ ದೂರ ಹೋಗುತ್ತದೆ ಎಂದು ಮಾರಾಟಗಾರರು ಹೇಳಿದ್ದರಿಂದ ವೇಗದ ಅಂಕಿ 12 ಇರುವ ಡ್ರೈವರ್ ಡಿಸ್ಕ್ ತರಿಸಿಕೊಂಡೆ. ಎಷ್ಟು ಬಲ ಹಾಕಿದರೂ 40 ಮೀಟರ್ ದಾಟುವುದರೊಳಗೆ ಎಡಕ್ಕೆ ವಾಲಿ ಬೀಳುತ್ತದೆ. ಇನ್ನೂ ವೇಗದ ಡಿಸ್ಕ್ ಕೊಳ್ಳಬೇಕೆ? (ಕಾಲೇಜು ವಿದ್ಯಾರ್ಥಿ, ವಿಜಯಪುರ)

ಉತ್ತರ: ಕೊಳ್ಳಬೇಡಿ. ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಇದೇ ದೂರನ್ನು ಹೊತ್ತು ಬರುತ್ತವೆ. ಹೊಸಬರ ಕೈಗೆ ಡ್ರೈವರ್ ಕೊಟ್ಟು ಕಳಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಡಿಸ್ಕಿನ ಮೇಲಿರುವ ನಾಲ್ಕು ಅಂಕಿಗಳಲ್ಲಿ ಮೊದಲನೆಯದು, ಅದು ಸರಿಯಾಗಿ ಹಾರಬೇಕಾದರೆ ನಿಮ್ಮ ತೋಳು ಅದಕ್ಕೆ ಎಷ್ಟು ವೇಗ ಕೊಡಬೇಕು ಎಂಬುದನ್ನು ತಿಳಿಸುತ್ತದೆ. ಎರಡನೆಯದು ತೇಲುವ ಗುಣ, ಮೂರನೆಯದು ವೇಗವಿರುವಾಗ ಬಲಕ್ಕೆ ಹೊರಳುವ ಗುಣ, ನಾಲ್ಕನೆಯದು ವೇಗ ಕುಂದಿದಾಗ ಎಡಕ್ಕೆ ಇಳಿಯುವ ಗುಣ. ಇದು ಬಲಗೈ ಬ್ಯಾಕ್‌ಹ್ಯಾಂಡ್ ಎಸೆತದ, ಅಂದರೆ ಬಲಗೈಯನ್ನು ಎದೆಗೆ ಅಡ್ಡವಾಗಿ ತಂದು ಹೊರಕ್ಕೆ ಬೀಸುವ ಎಸೆತದ ಲೆಕ್ಕ. ಎಡಗೈಯವರು ತಿರುವುಮುರುವು ಮಾಡಿಕೊಳ್ಳಲಿ.

ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಡಿಸ್ಕ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ವೇಗ ತಗ್ಗಿದಾಗ ಗಾಳಿ ಅದರ ಮುಂದಿನ ಅಂಚನ್ನು ಮೇಲಕ್ಕೆತ್ತಲು ನೋಡುತ್ತದೆ. ಆದರೆ ತಿರುಗುವ ಬುಗುರಿಯನ್ನು ಒಂದು ಕಡೆ ಒತ್ತಿದರೆ ಅದು ಕಾಲು ಸುತ್ತು ಆಚೆಯ ದಿಕ್ಕಿಗೆ ವಾಲುವಂತೆ, ಡಿಸ್ಕ್ ಕೂಡ ಹಿಂದಕ್ಕೆ ಮಗುಚದೆ ಎಡಕ್ಕೆ ವಾಲುತ್ತದೆ. ನಿಮ್ಮ ಡ್ರೈವರಿಗೆ ಬೇಕಾದ ವೇಗ ಎಂದೂ ಸಿಗುವುದೇ ಇಲ್ಲವಾದ್ದರಿಂದ, ಕೈ ಬಿಟ್ಟ ಕ್ಷಣದಿಂದಲೇ ಅದು ಹಾರಾಟದ ಕೊನೆಯ ಭಾಗವನ್ನು ಆಡಿ ಮುಗಿಸುತ್ತದೆ. ಇದನ್ನು ಸರಿಪಡಿಸಲು ಹೊಸಬರು ಮಣಿಕಟ್ಟನ್ನು ತಿರುಚುತ್ತಾರೆ, ಆಕಾಶಕ್ಕೆ ಎಸೆಯುತ್ತಾರೆ. ಆ ಚಾಳಿಗಳನ್ನು ಬಿಡಿಸುವುದಕ್ಕೆ ವರ್ಷ ಬೇಕಾಗುತ್ತದೆ.

ಡ್ರೈವರನ್ನು ಕಪಾಟಿನಲ್ಲಿಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಇಡಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ವೇಗದ ಅಂಕಿ 2 ಅಥವಾ 3 ಇರುವ ಒಂದು ಪಟರ್ (ಬುಟ್ಟಿಯ ಹತ್ತಿರದಿಂದ ಎಸೆಯುವ ನಿಧಾನದ ಡಿಸ್ಕ್) ಕೊಳ್ಳಿ. ನಿಯಮದಂತೆ ಡಿಸ್ಕಿನ ತೂಕ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ, ಅಂದರೆ ಸಾಮಾನ್ಯ ಪಟರಿಗೆ 175 ಗ್ರಾಂ ಆಸುಪಾಸು. ನಿಮಗೆ 165 ಸಾಕು. ಮೂರು ತಿಂಗಳು ಅದೊಂದನ್ನೇ, ಓಡದೆ, ನಿಂತಲ್ಲಿಂದ ಎಸೆಯಿರಿ. ಡಿಸ್ಕನ್ನು ಎದೆಯ ಮಟ್ಟದಲ್ಲಿ ನೇರ ಗೆರೆಯಲ್ಲಿ ಎಳೆಯಬೇಕು, ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಬರಬೇಕು, ಕೈ ಬಿಡುವಾಗ ಡಿಸ್ಕಿನ ಮುಂದಿನ ಅಂಚು ಮೇಲೇಳಬಾರದು. ಪಟರ್ ತಪ್ಪನ್ನು ಮುಚ್ಚಿಡುವುದಿಲ್ಲ. ಕೈ ತಪ್ಪಿದರೆ ಗಡಗಡ ನಡುಗುತ್ತಾ ಹೋಗುತ್ತದೆ. ಅದು ನಡುಗದೆ 50 ಮೀಟರ್ ನೇರವಾಗಿ ಹೋದ ಮೇಲೆ, ಪಟರಿಗೂ ಡ್ರೈವರಿಗೂ ನಡುವಿನ ಮಿಡ್‌ರೇಂಜ್ ಡಿಸ್ಕಿನ ವಿಚಾರ ಮಾಡೋಣ. ಆಷಾಢದ ಗಾಳಿಯಲ್ಲಿ ಲೆಕ್ಕವೇ ಬೇರೆ: ಎದುರುಗಾಳಿ ಡಿಸ್ಕಿಗೆ ಹೆಚ್ಚಿನ ವೇಗವಿದ್ದಂತೆಯೇ ಕೆಲಸ ಮಾಡುವುದರಿಂದ ಅದೇ ಡಿಸ್ಕ್ ಬಲಕ್ಕೆ ಹೊರಳಬಹುದು. ಆ ದಿನಗಳ ಎಸೆತ ನೋಡಿ ನಿಮ್ಮ ಕೈಯನ್ನು ಅಳೆಯಬೇಡಿ.

ಪ್ರಶ್ನೆ: ಗೋಳಗುಮ್ಮಟದ ಹುಲ್ಲುಹಾಸಿನಲ್ಲಿ ಅಭ್ಯಾಸ ಮಾಡಬಹುದೇ?

ಉತ್ತರ: ಕೂಡದು, ಅದು ಸಂರಕ್ಷಿತ ಸ್ಮಾರಕ, ಅಲ್ಲಿ ಸದಾ ಜನರಿರುತ್ತಾರೆ.

ಪ್ರಶ್ನೆ: ಸರಪಳಿಯ ಬುಟ್ಟಿ ನಮ್ಮ ಶಾಲೆಯಲ್ಲಿಲ್ಲ. ಅದಿಲ್ಲದೆ ಮಕ್ಕಳಿಗೆ ಆಟ ಕಲಿಸುವುದು ಹೇಗೆ? (ಶಿಕ್ಷಕರು, ಬಸವನ ಬಾಗೇವಾಡಿ)

ಉತ್ತರ: 1975ರಲ್ಲಿ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಅಂಗಣ ಮಾಡಿದಾಗ ಕಂಬಗಳೇ ಗುರಿಯಾಗಿದ್ದವು, ಬುಟ್ಟಿ ಆಮೇಲೆ ಬಂತು. ಬೇವಿನ ಮರದ ಬೊಡ್ಡೆಗೆ ಎದೆಯೆತ್ತರದಲ್ಲಿ ಬಟ್ಟೆ ಕಟ್ಟಿ, ಅಲ್ಲಿಂದ 10 ಮೀಟರ್ ದೂರದಲ್ಲಿ ಸುತ್ತಲೂ ಗೆರೆ ಎಳೆಯಿರಿ. ಆ ಗೆರೆಯೊಳಗಿಂದ ಎಸೆಯುವವರು ಡಿಸ್ಕ್ ಕೈಬಿಟ್ಟ ಮೇಲೆ, ಸಮತೋಲನ ಕಾಯ್ದುಕೊಂಡ ನಂತರವೇ, ಮುಂದಡಿಯಿಡಬೇಕು ಎಂಬ ನಿಯಮವನ್ನು ಮೊದಲ ದಿನವೇ ಕಲಿಸಿ.

ಪ್ರಶ್ನೆ: ಎಸೆದೂ ಎಸೆದೂ ಮೊಣಕೈ ನೋಯುತ್ತಿದೆ. ನರ ಹೊರಳಿದೆ, ಎಳೆದು ಸರಿಮಾಡುತ್ತೇನೆ ಎಂದು ಒಬ್ಬರು ಹೇಳುತ್ತಾರೆ. (ಇಂಡಿ)

ಉತ್ತರ: ಅವರ ಕೈಗೆ ನಿಮ್ಮ ಕೈಯನ್ನು ಕೊಡಬೇಡಿ. ಎಳೆದು ಸರಿಮಾಡುವಂಥ ನರ ಹೊರಳುವಿಕೆ ಎಂಬುದೊಂದು ಇಲ್ಲ. ಬಹುತೇಕ ಇದು ಬರೀ ತೋಳಿನಿಂದ ಎಸೆಯುವವರ ಸ್ನಾಯುರಜ್ಜಿನ ನೋವು, ಎಳೆದಷ್ಟೂ ಕೆಡುತ್ತದೆ. ಎರಡು ವಾರ ಎಸೆತ ನಿಲ್ಲಿಸಿ, ಆಮೇಲೂ ನೋವಿದ್ದರೆ ಎಲುಬು ಕೀಲು ವೈದ್ಯರಿಗೆ ತೋರಿಸಿ. ಮರಳಿ ಆರಂಭಿಸಿದಾಗಲೂ ಮಳೆಯಾದ ಎರೆನೆಲದಲ್ಲಿ ಆಡಬೇಡಿ: ಎಸೆತದ ಕೊನೆಗೆ ಮುಂಗಾಲು ಹಿಮ್ಮಡಿಯ ಮೇಲೆ ತಿರುಗಬೇಕು, ಎರೆ ಅದನ್ನು ಹಿಡಿದುಕೊಂಡರೆ ಮೈಯ ತಿರುವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ.