ಗ್ಲೋವ್ ಬಾಕ್ಸ್ ಆಮೇಲೆ, ಮೊದಲು ನೀರು ಹುಡುಕಿ

ಪ್ರಶ್ನೆ: ಸರ್, ನಮ್ಮ ತಾತ ತೋಟಕ್ಕೆ ಓಡಾಡಲು ಇಟ್ಟುಕೊಂಡಿದ್ದ 1950ರ ದಶಕದ ಮೋರಿಸ್ ಮೈನರ್ ಕಾರು ಈಗ ನನ್ನ ಹತ್ತಿರ ಇದೆ. ಎಂಜಿನ್‌ಗೆ ಏನೂ ತೊಂದರೆ ಇಲ್ಲ. ಆದರೆ ಎಡಗಡೆ ಗ್ಲೋವ್ ಬಾಕ್ಸಿನ ರಟ್ಟು ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗಿ ಜೋತುಬಿದ್ದಿದೆ. ಒಳಗೆ ಟಾರ್ಚ್ ಇಟ್ಟರೆ ಕಾಲ ಮೇಲೆ ಬೀಳುತ್ತೆ. ಗ್ಯಾರೇಜಿನವರು ತಗಡಿನ ಡಬ್ಬ ಮಾಡಿ ಕೂರಿಸೋಣ ಅಂತಿದ್ದಾರೆ. ಮಾಡಿಸಲಾ? ವಿಂಟೇಜ್ ನೋಂದಣಿ ಮಾಡಿಸುವ ಯೋಚನೆಯೂ ಇದೆ. ಅದಕ್ಕೆ ಇದರಿಂದ ಅಡ್ಡಿ ಆಗುತ್ತಾ?
– ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ತಗಡು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮನ್ನೇ ಒಂದು ಮಾತು ಕೇಳಬೇಕು. ಆ ರಟ್ಟಿಗೆ ನೀರು ಬಂದಿದ್ದು ಎಲ್ಲಿಂದ?

ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿದ ರಟ್ಟಿನ ಗೂಡು, ಅಷ್ಟೆ. ಕಾಗದದ ನಾರನ್ನು ಗಟ್ಟಿಯಾಗಿ ಒತ್ತಿ ಮಾಡಿದ ಮಿಲ್‌ಬೋರ್ಡ್ ಅದು. ಹಾಳೆಯನ್ನು ಮಡಿಸಿ ಮೂಲೆಗಳಿಗೆ ಪಿನ್ ಹೊಡೆದಿರುತ್ತಾರೆ. ಒಣಗಿರುವ ತನಕ ಗಟ್ಟಿ. ನೀರು ಕುಡಿದರೆ ಪದರ ಬಿಡುತ್ತದೆ, ಪಿನ್ನಿಗೆ ತುಕ್ಕು ಹಿಡಿಯುತ್ತದೆ, ಆಮೇಲೆ ತನ್ನ ಭಾರ ತಾನೇ ತಡೆಯುವುದಿಲ್ಲ. ಕಡೂರು, ಅರಸೀಕೆರೆ ಕಡೆಯ ಹಳೆ ಕಾರುಗಳಲ್ಲಿ ಇದೇ ರಟ್ಟು ಬಿಸಿಲಿಗೆ ಒಣಗಿ ಮಡಿಕೆಯಲ್ಲಿ ಸೀಳಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಕೊಳೆತಿರುತ್ತದೆ. ಬರೀ ಗಾಳಿಯ ಶೀತಕ್ಕೆ ಬೂಷ್ಟು ಹಿಡಿಯುವುದು ನಿಜ. ಆದರೆ ತಳವೇ ಜೋತುಬೀಳಬೇಕಾದರೆ ಎಲ್ಲಿಂದಲೋ ನೀರು ಹನಿದಿರಲೇಬೇಕು. ಅದನ್ನು ನಿಲ್ಲಿಸದೆ ಹೊಸ ಬಾಕ್ಸ್ ಹಾಕಿದರೆ ಮುಂದಿನ ಆರಿದ್ರಾ ಮಳೆಗೆ ಮತ್ತೆ ಇದೇ ಪ್ರಶ್ನೆ ಕಳಿಸುತ್ತೀರಿ.

ಹಳೆ ರಟ್ಟನ್ನು ಎಸೆಯಬೇಡಿ. ಅದರ ಮೇಲಿನ ಕಲೆಯೇ ಅರ್ಧ ಉತ್ತರ ಹೇಳುತ್ತದೆ. ಹಿಂಬದಿಯ ಮೇಲಂಚಿನಿಂದ ಕಲೆ ಇಳಿದಿದ್ದರೆ ಮುಂದಿನ ಗಾಜಿನ ರಬ್ಬರ್ ಅಥವಾ ವೈಪರ್ ಕಡ್ಡಿ ಹೊರಬರುವ ಜಾಗದ ರಬ್ಬರ್ ವಾಷರ್ ಮೇಲೆ ಅನುಮಾನ ಇಡಿ. ಬಾಗಿಲ ಕಡೆಯ ಅಂಚಿನಲ್ಲಿ ಕಲೆ ಇದ್ದರೆ ಬಾಗಿಲ ರಬ್ಬರ್ ನೋಡಿ. ತಳದಲ್ಲಿ ಮಾತ್ರ ಇದ್ದರೆ ಕಾರಿನ ತಪ್ಪಿಲ್ಲ. ಯಾರೋ ಒದ್ದೆ ಬಟ್ಟೆ ತುರುಕಿಟ್ಟಿರುತ್ತಾರೆ.

ಆಮೇಲೆ ಪೈಪ್ ಪರೀಕ್ಷೆ ಮಾಡಿ. ಮಳೆ ಸುರಿಯುವಾಗ ಹುಡುಕುವುದು ದಂಡ, ಎಲ್ಲ ಕಡೆಯೂ ಒದ್ದೆ ಇರುತ್ತದೆ. ಕಾರನ್ನು ಶೆಡ್ಡಿನಲ್ಲಿ ಪೂರ್ತಿ ಒಣಗಲು ಬಿಡಿ. ಬಾಕ್ಸ್ ತೆಗೆದ ಜಾಗದಲ್ಲಿ, ಒಳಗಿನ ತಗಡಿನ ಮೇಲೆ, ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೆಲ್ಲಗೆ ಮೇಲೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ನೀರು ಇಳಿದು ಎಲ್ಲ ಸಂದಿಗೂ ಹೋಗುತ್ತದೆ, ಯಾವುದು ಸೋರಿತು ಅಂತ ಗೊತ್ತಾಗುವುದಿಲ್ಲ. ನೀರು ಬಂದ ದಾರಿಯಲ್ಲಿ ಪೌಡರ್ ಮೇಲೆ ಗೆರೆ ಮೂಡುತ್ತದೆ. ಇನ್ನೊಂದು ಮಾತು. ಹನಿ ಬೀಳುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ನೀರು ವೈರಿನ ಕಟ್ಟಿನ ಮೇಲೆ ಹರಿದು ಹೋಗಿ ಅದು ಬಾಗಿದ ಕಡೆ ಹನಿಯುತ್ತದೆ.

ರಬ್ಬರ್ ಕಲ್ಲಾಗಿದ್ದರೆ ಬದಲಾಯಿಸುವುದೇ ಸರಿ. ಇನ್ನೂ ಮೆತ್ತಗಿದ್ದು ಸಂದಿ ಮಾತ್ರ ಬಿಟ್ಟಿದ್ದರೆ ಗಾಜಿಗೆ ಅಂತಲೇ ಬರುವ, ಗಟ್ಟಿಯಾಗದ ಸೀಲರ್ ತುಂಬಿಸಿ. ಬಚ್ಚಲಮನೆಗೆ ಹಾಕುವ ಸಿಲಿಕೋನ್ ಮಾತ್ರ ಬೇಡ. ಅದರಲ್ಲಿ ವಿನೆಗರ್ ವಾಸನೆ ಬರುತ್ತೆ ಅಲ್ವಾ, ಆ ಆಮ್ಲವೇ ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ.

ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವ ಮೊದಲು ಬ್ಯಾಟರಿ ಕಳಚಿ. ಇಲ್ಲಿ ನಮ್ಮ ಮೆಕ್ಯಾನಿಕ್‌ಗಳು ಅಭ್ಯಾಸಬಲದಿಂದ ಎಡವುತ್ತಾರೆ. ಈಗಿನ ಕಾರುಗಳಲ್ಲಿ ನೆಗೆಟಿವ್ ವೈರ್ ಬಾಡಿಗೆ ಸೇರಿರುತ್ತದೆ, ಅದನ್ನೇ ಮೊದಲು ತೆಗೆಯುತ್ತೇವೆ. ನಿಮ್ಮ ಮೈನರ್‌ನಲ್ಲಿ ಉಲ್ಟಾ. ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಪಾಸಿಟಿವ್ ವೈರೇ ಬಾಡಿಗೆ ಅರ್ತ್ ಆಗಿರುತ್ತದೆ. ನಡುವೆ ಯಾರಾದರೂ ಬದಲಾಯಿಸಿರಲೂಬಹುದು. ಹಾಗಾಗಿ ಗುರುತು ನೋಡಿ ನಂಬಬೇಡಿ, ದಪ್ಪ ವೈರ್ ಯಾವ ತುದಿಯಿಂದ ಬಾಡಿಗೆ ಹೋಗಿದೆ ಅಂತ ನೋಡಿ, ಅದನ್ನು ಮೊದಲು ಬಿಚ್ಚಿ. ಆಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಅಂದಹಾಗೆ, ಹೊಸ ಬಾಕ್ಸಿನೊಳಗೆ ಮೊಬೈಲ್ ಚಾರ್ಜರ್ ಕೂರಿಸುವ ಆಸೆ ಇದ್ದರೆ ತಡೆಯಿರಿ. ಆ ಸಾಕೆಟ್ಟಿನ ಹೊರಗಿನ ಲೋಹ ನೆಗೆಟಿವ್. ಪಾಸಿಟಿವ್ ಅರ್ತ್ ಕಾರಿನಲ್ಲಿ ಅದು ಬಾಡಿಗೆ ಮುಟ್ಟಿದರೆ ನೇರ ಶಾರ್ಟ್.

ಈಗ ತಗಡಿನ ವಿಷಯ. ತಗಡಿನ ಡಬ್ಬ ರಸ್ತೆಯ ಮೇಲೆ ಗಡಗಡ ಅನ್ನುತ್ತದೆ. ಚಳಿ ಬೆಳಗ್ಗೆ ಒಳಗೆ ಬೆವರುತ್ತದೆ. ಅದರ ಕತ್ತರಿಸಿದ ಅಂಚು ಹಳೆಯ ಬಟ್ಟೆ ಸುತ್ತಿದ ವೈರಿಗೆ ಉಜ್ಜುತ್ತಿದ್ದರೆ ಒಂದಲ್ಲ ಒಂದು ದಿನ ಹೊಗೆ ಕಾಣುತ್ತದೆ. ಡಿಕ್ಕಿಯಾದರೆ ಮೊಣಕಾಲಿಗೆ ರಟ್ಟು ಬಗ್ಗುತ್ತದೆ, ತಗಡು ಬಗ್ಗುವುದಿಲ್ಲ. ಪ್ಲೈವುಡ್ ಮಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆಗೆ ಶೀತದ ಭಯವಿಲ್ಲ. ದಿನಾ ತೋಟಕ್ಕೆ ಓಡಿಸುವ ಕಾರಾದರೆ ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ತಾತನ ಕಾರು ಅಂತ ಉಳಿಸಿಕೊಂಡವರು ನೀವು. ರಟ್ಟಿನಲ್ಲೇ ಮಾಡಿ. ಖರ್ಚೂ ಕಮ್ಮಿ.

ಹಳೆ ಬಾಕ್ಸಿನ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ. ಅದನ್ನು ಪೂರ್ತಿ ಅಗಲಿಸಿ, ಎರಡು ಹಲಗೆಗಳ ನಡುವೆ ಭಾರ ಹೇರಿ ಒಣಗಿಸಿ. ಕೊಳೆತು ಹೋದ ಅಂಚನ್ನು ಊಹಿಸಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಬಾಯಿ, ಸ್ಕ್ರೂ ತೂತು, ಇವುಗಳ ಅಳತೆ ತೆಗೆದು ಹೊಂದಿಸಿ. ನಕ್ಷೆಯನ್ನು ಕಂದು ಕಾಗದದ ಮೇಲೆ ಬರೆದು, ಮೊದಲು ತೆಳು ರಟ್ಟಿನಲ್ಲಿ ಒಂದು ಸುಳ್ಳು ಬಾಕ್ಸ್ ಮಾಡಿ. ಸ್ವೀಟ್ ಡಬ್ಬದ ರಟ್ಟು ಸಾಕು. ಅದನ್ನು ಕೂರಿಸಿ, ತೆಗೆದು, ಕತ್ತರಿಸಿ ಸರಿಮಾಡಿಕೊಳ್ಳಿ. ಈ ಹಂತದಲ್ಲಿ ಆತುರ ಮಾಡಿದವರು ಒಳ್ಳೆ ರಟ್ಟು ಹಾಳು ಮಾಡುತ್ತಾರೆ.

ನಿಜವಾದ ರಟ್ಟಿಗೆ ಇಂಗ್ಲೆಂಡಿನ ತನಕ ಹೋಗಬೇಕಾಗಿಲ್ಲ. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಲೆಕ್ಕದ ಪುಸ್ತಕ ಬೈಂಡ್ ಮಾಡುವವರ ಹತ್ತಿರ ಕೇಳಿ. 2 ಮಿಲಿಮೀಟರ್ ದಪ್ಪದ, ಒತ್ತಾದ ರಟ್ಟು ತನ್ನಿ. ಉಗುರಿನಿಂದ ಅಂಚು ಕೆರೆದರೆ ಪದರ ಏಳುವಂಥದ್ದು ಬೇಡ. ಹಾಗೇ ಬೈಂಡಿಂಗ್ ಬಟ್ಟೆಯನ್ನೂ ಒಂದು ಮೊಳ ತನ್ನಿ. ಈ ಕೆಲಸಕ್ಕೆ ಮಳೆಗಾಲ ಬೇಡ. ಶೀತದಲ್ಲಿ ಉಬ್ಬಿದ ರಟ್ಟನ್ನು ಅಳತೆಗೆ ಕತ್ತರಿಸಿದರೆ ಬೇಸಿಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ. ಕಾಫಿ ಕೊಯ್ಲು ಮುಗಿದ ಮೇಲೆ, ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ಮೊದಲು ನಿಮಗೂ ಬಿಡುವಿರುತ್ತದೆ, ರಟ್ಟೂ ಒಣಗಿರುತ್ತದೆ. ಸೋರಿಕೆ ಹುಡುಕುವುದನ್ನು ಮಾತ್ರ ಈಗಲೇ ಮುಗಿಸಿಬಿಡಿ.

ಮಡಿಕೆ ಬರುವ ಕಡೆ ಹೊರಮೈಯಲ್ಲಿ ಅರ್ಧ ದಪ್ಪಕ್ಕೆ ಮಾತ್ರ ಗೀರಿ, ಗೀರಿದ ಬಾಯಿ ಹೊರಗೆ ತೆರೆಯುವ ಹಾಗೆ ಮಡಿಸಿ. ಆ ಸೀಳಿನ ಮೇಲೆ ಬಟ್ಟೆ ಪಟ್ಟಿ ಅಂಟಿಸಿ. ಮೂಲೆಗಳಿಗೆ ಮತ್ತೆ ಕಬ್ಬಿಣದ ಪಿನ್ ಯಾಕೆ? ಚಪ್ಪಲಿ ಹೊಲಿಯುವವರು ಬಳಸುವ ಮೇಣದ ದಾರದಲ್ಲಿ ಹೊಲಿಸಿ, ಇಲ್ಲವೇ ಸಣ್ಣ ಹಿತ್ತಾಳೆ ರಿವೆಟ್ ಹಾಕಿ. ಅಂಟಿಗೆ ಮರಗೆಲಸದ ಬಿಳಿ ಫೆವಿಕಾಲ್ ಬೇಡ, ಶೀತಕ್ಕೆ ಮೆತ್ತಗಾಗುತ್ತದೆ. ಸೀಟ್ ಕವರ್ ಅಂಗಡಿಯವರು ಬಳಸುವ ರಬ್ಬರ್ ಅಂಟು ಒಳ್ಳೆಯದು.

ಇನ್ನು ಬಣ್ಣ. ಇದರ ಮೇಲೆಯೇ ಬಾಕ್ಸಿನ ಆಯಸ್ಸು ನಿಂತಿದೆ. ರಟ್ಟು ನೀರು ಕುಡಿಯುವುದು ಮೈಗಿಂತ ಹೆಚ್ಚಾಗಿ ಕತ್ತರಿಸಿದ ಅಂಚಿನಿಂದ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡುತ್ತಾರಲ್ಲ, ಅದನ್ನು ತೆಳುವಾಗಿ ಒಂದು ಕೈ ಹಚ್ಚಿ. ಅಂಚಿಗೂ ಸ್ಕ್ರೂ ತೂತಿಗೂ ಕುಡಿಯುವಷ್ಟು ಕುಡಿಸಿ. ಒಣಗಿದ ಮೇಲೆ ವಾರ್ನಿಷ್ ಹೊಡೆಯಿರಿ. ಅರಗು ಒಂದೇ ಇದ್ದರೆ ನೀರಿಗೆ ಬೆಳ್ಳಗಾಗುತ್ತದೆ. ಒಳಗೆ ಎಷ್ಟು ಕೈ ಹೊಡೆದಿರೋ ಹೊರಗೂ ಅಷ್ಟೇ ಹೊಡೆಯಬೇಕು. ಒಂದೇ ಮೈಗೆ ಹೊಡೆದರೆ ರಟ್ಟು ಸೊಟ್ಟಗಾಗುತ್ತದೆ. ಮೂಲ ಬಣ್ಣ ಯಾವುದು ಅಂತ ತಿಳಿಯಬೇಕಾದರೆ ಹಳೆ ರಟ್ಟಿನ ಮಡಿಕೆಯ ಒಳಗೆ ನೋಡಿ. ಬಿಸಿಲು ತಾಗದ ಕಡೆ ಅದು ಉಳಿದಿರುತ್ತದೆ.

ಕೂರಿಸುವಾಗ ಬಾಯಿಯಿಂದ ಒಳಗೆ ತುರುಕಲು ಹೋಗಬೇಡಿ, ಹೊಸ ಮಡಿಕೆ ಮುರಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿರುವ ಸಾಮಾನು ತಟ್ಟೆಯನ್ನು ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ತನ್ನಿ. ಜಾಗ ಸಾಲದಿದ್ದರೆ ಒಂದು ಪಕ್ಕದ ಹೊಲಿಗೆಯನ್ನು ಬಿಟ್ಟಿಟ್ಟು, ಒಳಗೆ ಹೋದ ಮೇಲೆ ಮುಚ್ಚಿ. ಹಿಂದಿನ ವೈರುಗಳು ರಟ್ಟಿಗೂ ತಗಡಿಗೂ ನಡುವೆ ಸಿಕ್ಕಿಹಾಕಿಕೊಳ್ಳಬಾರದು. ಸ್ಕ್ರೂ ಹಳೆಯದರಷ್ಟೇ ಉದ್ದ ಇರಲಿ. ಉದ್ದದ ಸ್ಕ್ರೂ ಹಿಂದೆ ಏನನ್ನು ಚುಚ್ಚುತ್ತಿದೆ ಅಂತ ನಿಮಗೆ ಕಾಣುವುದಿಲ್ಲ. ಸ್ಕ್ರೂ ತಲೆಯ ಕೆಳಗೆ ಅಗಲದ ವಾಷರ್ ಹಾಕಿ, ರಟ್ಟು ಅದುಮುವಷ್ಟು ಬಿಗಿ ಮಾಡಬೇಡಿ. ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಹಿಡಿಸಿದ ಮೇಲೆಯೇ ಬಿಗಿ ಮಾಡುವುದು.

ನೋಂದಣಿಯ ಬಗ್ಗೆ ಚಿಂತೆ ಬೇಡ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಲ್ಲಿ ನೋಡುವುದು ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿದೆಯೇ ಅಂತ. ಗ್ಲೋವ್ ಬಾಕ್ಸಿನ ರಟ್ಟು ಆ ಲೆಕ್ಕಕ್ಕೆ ಬರುವುದಿಲ್ಲ. ಹೊಸ ನೋಂದಣಿಗೆ ಆ ನಿಯಮ ಇಟ್ಟ ಶುಲ್ಕ 20,000 ರೂಪಾಯಿ. ಆದರೆ ಅರ್ಜಿ ಹಾಕುವ ಮೊದಲು ಒಂದು ವಿಷಯ ಯೋಚಿಸಿ. ವಿಂಟೇಜ್ ನಂಬರ್ ಸಿಕ್ಕ ಮೇಲೆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಥದ್ದಕ್ಕೆ ಮಾತ್ರ. ಇದರಲ್ಲೇ ಪೇಟೆಗೆ ಹೋಗಿ ಬರುವ ಅಭ್ಯಾಸ ಇದ್ದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಮೇಲು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯ ಗ್ಲೋವ್ ಬಾಕ್ಸ್ ಮುಚ್ಚಳ ರಸ್ತೆಯಲ್ಲಿ ಸಣ್ಣ ಹಂಪ್ ಸಿಕ್ಕರೂ ತೆರೆದುಕೊಳ್ಳುತ್ತದೆ. ಬೀಗವೇ ಬದಲಾಯಿಸಬೇಕು ಅಂದರು. ನಿಜವೇ?
– ಹಾಸನದ ಓದುಗರು

ಉತ್ತರ: ಬೀಗದ ತಪ್ಪು ಇರುವುದು ಅಪರೂಪ. ಮುಚ್ಚಳವನ್ನು ಅರ್ಧ ತೆರೆದು ಮೇಲೆ ಕೆಳಗೆ ಅಲ್ಲಾಡಿಸಿ. ಕೀಲು ಆಡುತ್ತಿದ್ದರೆ ಮುಚ್ಚಳ ಜಗ್ಗಿದೆ, ಚಿಲಕದ ನಾಲಿಗೆ ತನ್ನ ಗೂಡಿಗೆ ತುದಿಯಲ್ಲಿ ಮಾತ್ರ ಸಿಗುತ್ತಿದೆ ಅಂತ ಅರ್ಥ. ನಾಲಿಗೆಗೆ ಸ್ವಲ್ಪ ಲಿಪ್‌ಸ್ಟಿಕ್ ಸವರಿ ಮುಚ್ಚಿ ತೆರೆದರೆ ಎಲ್ಲಿ ತಾಗುತ್ತಿದೆ ಅಂತ ಕಾಣುತ್ತದೆ. ಮನೆಯವರನ್ನು ಕೇಳಿ ತಗೊಳ್ಳಿ, ಆಮೇಲೆ ನನ್ನ ಹೆಸರು ಹೇಳಬೇಡಿ.

ಕೀಲಿನ ಸ್ಕ್ರೂಗಳನ್ನು ಸಡಿಲಿಸಿ, ಮುಚ್ಚಳ ಮುಚ್ಚಿ, ಸುತ್ತ ಸಂದಿಗೆ ಇಸ್ಪೀಟ್ ಎಲೆ ಸಿಕ್ಕಿಸಿ ಎಲ್ಲ ಕಡೆ ಸಮ ಮಾಡಿ. ಮುಚ್ಚಳ ಸರಿದಾಡದ ಹಾಗೆ ಹಿಡಿದು ಸ್ಕ್ರೂ ಬಿಗಿ ಮಾಡಿ. ತೂತು ಸವೆದು ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ ಒಂದು ಸೈಜ್ ದಪ್ಪದ್ದು ಹಾಕಿ, ಉದ್ದದ್ದಲ್ಲ. ಚಿಲಕಕ್ಕೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು. ಇಷ್ಟೆಲ್ಲ ಆದ ಮೇಲೂ ತೆರೆದುಕೊಂಡರೆ ಚಿಲಕದ ಸ್ಪ್ರಿಂಗ್ ಸೋತಿದೆ. ಸ್ಪ್ರಿಂಗ್ ಒಂದನ್ನೇ ಹಾಕಿಸಿ.

ಪ್ರಶ್ನೆ: ಗ್ಲೋವ್ ಬಾಕ್ಸಿನಲ್ಲಿಟ್ಟ ಆರ್‌ಸಿ, ಇನ್ಶೂರೆನ್ಸ್ ಕಾಗದಕ್ಕೆ ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತದೆ. ವಾಸನೆ ಹೋಗಲಿ ಅಂತ ಕಾಫಿಪುಡಿ ಕಟ್ಟಿಟ್ಟರೂ ಪ್ರಯೋಜನ ಇಲ್ಲ.
– ಕೊಪ್ಪದ ಓದುಗರು

ಉತ್ತರ: ಕಾಫಿಪುಡಿಯೇ ಶೀತ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ ಮಾರಾಯರೇ! ಅದನ್ನು ಫಿಲ್ಟರಿಗೇ ಹಾಕಿ. ಸಿಲಿಕಾ ಜೆಲ್ ಪೊಟ್ಟಣ ಇಡಿ, ಕಿತ್ತಳೆ ಬಣ್ಣದ ಹರಳಿನದ್ದು ಸಿಕ್ಕರೆ ಒಳ್ಳೆಯದು. ನೀಲಿ ಹರಳಿನಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುತ್ತದೆ, ಮಕ್ಕಳ ಕೈಗೆ ಸಿಗುವ ಕಡೆ ಅದು ಬೇಡ. ಬಣ್ಣ ಬದಲಾದಾಗ ಹರಳನ್ನು ಪೊಟ್ಟಣದಿಂದ ತೆಗೆದು ಓವನ್ನಿನಲ್ಲಿ 110–120 ಡಿಗ್ರಿಗೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬಾಕ್ಸಿನ ಮುಚ್ಚಳ ಸದಾ ಬಿಗಿಯಾಗಿ ಮುಚ್ಚಿಡಬೇಡಿ. ಕಾರು ಶೆಡ್ಡಿನಲ್ಲಿರುವಾಗ ತೆರೆದಿಟ್ಟರೆ ಗಾಳಿಯಾಡುತ್ತದೆ. ಮೂಲ ಕಾಗದಗಳನ್ನಂತೂ ಅಲ್ಲಿಡುವ ಅಗತ್ಯವೇ ಇಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಪ್ರತಿಗೆ 2018ರಿಂದ ಮೂಲದಷ್ಟೇ ಮಾನ್ಯತೆ ಇದೆ. ಹಳೆಯ ಕಾರಿನ ಆರ್‌ಸಿ ಇನ್ನೂ ಪುಸ್ತಕದ ರೂಪದಲ್ಲೇ ಇದ್ದು ಆ್ಯಪಿನಲ್ಲಿ ಸಿಗದಿದ್ದರೆ, ವಿವರಗಳನ್ನು ಕಂಪ್ಯೂಟರಿಗೆ ಏರಿಸಲು ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಡಿ. ಅಲ್ಲಿಯವರೆಗೆ ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೇ ಇಟ್ಟುಕೊಳ್ಳಿ, ಮನೆಗೆ ಬಂದ ಮೇಲೆ ಒಳಗೆ ತಂದಿಡಿ.