ಕಡ್ಡಿ ಕೊಟ್ಟವರ ತೋಟ ಬರಿದಾಗುವುದಿಲ್ಲ: ಪೇಟೆಂಟ್ ಮತ್ತು ಲೈಸೆನ್ಸ್ ಕುರಿತು ಓದುಗರ ಪ್ರಶ್ನೆಗಳು

ಮುಕ್ತ ಮಾರುಕಟ್ಟೆಯಲ್ಲಿ ನಂಬಿಕೆಯಿರುವವರು ಪೇಟೆಂಟನ್ನಾಗಲಿ ಕೃತಿಸ್ವಾಮ್ಯವನ್ನಾಗಲಿ ಸಮರ್ಥಿಸುವುದು ಕಷ್ಟವೆಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಅದನ್ನು ಕುರಿತು ಬರೆದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಉಳಿದ ಪ್ರಶ್ನೆಗಳ ಬೇರು ಮೊದಲನೆಯದರಲ್ಲೇ ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನದು ವೆಲ್ಡಿಂಗ್ ಅಂಗಡಿ. ಹಿಪ್ಪುನೇರಳೆ ನಾಟಿಗೆ ಮೂರು ಕಣ್ಣಿನ ಕಡ್ಡಿಗಳನ್ನು ಸಿಪ್ಪೆ ಸೀಳದಂತೆ ಕತ್ತರಿಸುವ ಯಂತ್ರವೊಂದನ್ನು ಎರಡು ವರ್ಷ ಕಷ್ಟಪಟ್ಟು ಮಾಡಿದೆ. ಹತ್ತು ಯಂತ್ರ ಮಾರುವಷ್ಟರಲ್ಲಿ ಚಿಂತಾಮಣಿ ಕಡೆಯ ಅಂಗಡಿಯವರೊಬ್ಬರು ಒಂದನ್ನು ಕೊಂಡು, ಬಿಚ್ಚಿ ನೋಡಿ, ಅದೇ ತರಹದ್ದನ್ನು ಕಡಿಮೆ ಬೆಲೆಗೆ ಮಾರತೊಡಗಿದ್ದಾರೆ. ಇದು ಕಳ್ಳತನವಲ್ಲವೇ? ನಮ್ಮ ಜಿಲ್ಲೆಯವರೇ ಆದ ವಿಶ್ವೇಶ್ವರಯ್ಯನವರೂ ಪೇಟೆಂಟ್ ಪಡೆದಿದ್ದರಲ್ಲ?
(ಓದುಗರು, ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ನಿಮ್ಮ ಎರಡು ವರ್ಷದ ದುಡಿಮೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಮೊದಲು ಕಾನೂನಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ. ಅರ್ಜಿ ಹಾಕುವ ದಿನದಂದು ಆವಿಷ್ಕಾರ ಹೊಸದಾಗಿರಬೇಕೆಂಬುದು ಪೇಟೆಂಟಿನ ಮೊದಲ ಷರತ್ತು. ನೀವು ಈಗಾಗಲೇ ಹತ್ತು ಯಂತ್ರಗಳನ್ನು ಬಹಿರಂಗವಾಗಿ ಮಾರಿರುವುದರಿಂದ ಅರ್ಜಿ ಅಲ್ಲಿಯೇ ಬಿದ್ದುಹೋಗುವ ಸಂಭವ ಹೆಚ್ಚು. ಸಿಕ್ಕಿತೆಂದೇ ಇಟ್ಟುಕೊಂಡರೂ, 20 ವರ್ಷಗಳ ಆ ಹಕ್ಕನ್ನು ಉಳಿಸಿಕೊಳ್ಳಲು ನವೀಕರಣ ಶುಲ್ಕ ಕಟ್ಟುತ್ತಿರಬೇಕು. ನಕಲು ಮಾಡಿದವರ ಮೇಲೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ದಾವೆ ಹೂಡಲು ಬರುವುದಿಲ್ಲ, ಮತ್ತು ವಕೀಲರ ಖರ್ಚು ನಿಮ್ಮದೇ. ವೆಲ್ಡಿಂಗ್ ಅಂಗಡಿಯ ಆದಾಯದಲ್ಲಿ ಇದನ್ನೆಲ್ಲ ನಿಭಾಯಿಸುವುದು ಎಷ್ಟು ಕಷ್ಟವೆಂಬುದನ್ನು ನೀವೇ ಬಲ್ಲಿರಿ. ಬಹಳ ಪೇಟೆಂಟುಗಳು ದೊಡ್ಡ ಕಂಪನಿಗಳ ಕೈಯಲ್ಲಿ ಆಯುಧವಾಗಿ, ಸಣ್ಣವರ ಕೈಯಲ್ಲಿ ಬರಿಯ ಕಾಗದವಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಇನ್ನು ಕಳ್ಳತನದ ಮಾತು. ನಿಮ್ಮ ಅಂಗಡಿಯಿಂದ ವೆಲ್ಡಿಂಗ್ ಸೆಟ್ಟನ್ನು ಯಾರಾದರೂ ಹೊತ್ತೊಯ್ದರೆ ಮರುದಿನ ನೀವು ಕೆಲಸ ಮಾಡಲಾರಿರಿ. ಚಿಂತಾಮಣಿಯವರು ಬೆಲೆ ಕೊಟ್ಟು ಕೊಂಡ ಯಂತ್ರವನ್ನು ಬಿಚ್ಚಿ ನೋಡಿ ಕಲಿತರು. ನಿಮ್ಮ ಯಂತ್ರವೂ ಅದರ ಹಿಂದಿನ ತಿಳಿವಳಿಕೆಯೂ ನಿಮ್ಮಲ್ಲೇ ಇವೆ. ತಾವೇ ಪೇಟೆಂಟ್ ವಕೀಲರಾದ ಅಮೆರಿಕದ ಸ್ಟೀಫನ್ ಕಿನ್ಸೆಲ್ಲಾ 2001ರಲ್ಲಿ ಮುಂದಿಟ್ಟ ವಾದದ ತಿರುಳು ಇದೇ. ಒಂದು ಹೊಲವನ್ನು ಏಕಕಾಲದಲ್ಲಿ ಇಬ್ಬರು ತಮಗೆ ಬೇಕಾದಂತೆ ಉಳಲಾಗದು. ಆ ಕೊರತೆಯಿಂದ ಹುಟ್ಟುವ ಜಗಳವನ್ನು ತಪ್ಪಿಸಲು ಆಸ್ತಿಹಕ್ಕು ಬೇಕಾಯಿತು. ಆಲೋಚನೆಯನ್ನು ಸಾವಿರ ಜನ ಒಟ್ಟಿಗೆ ಬಳಸಿದರೂ ಅದು ಸವೆಯುವುದಿಲ್ಲ. ಅದಕ್ಕೆ ಬೇಲಿ ಹಾಕಿದಾಗ ಚಿಂತಾಮಣಿಯವರು ತಮ್ಮದೇ ಕಬ್ಬಿಣವನ್ನು ತಮ್ಮದೇ ಅಂಗಡಿಯಲ್ಲಿ ತಮಗೆ ಬೇಕಾದ ಆಕಾರಕ್ಕೆ ಬಗ್ಗಿಸುವಂತಿಲ್ಲ ಎಂದಾಗುತ್ತದೆ. ಅಂದರೆ ಪೇಟೆಂಟ್ ನಿಮ್ಮ ಆಸ್ತಿಯನ್ನು ಕಾಯುವುದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಆಸ್ತಿಯ ಮೇಲೆ ನಿಮಗೊಂದು ಅಧಿಕಾರವನ್ನು ಕೊಡುತ್ತದೆ.

ನಿಮ್ಮ ಯಂತ್ರ ಕತ್ತರಿಸುವ ಕಡ್ಡಿಯನ್ನೇ ನೋಡಿ. ನಿಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಕಾಣುವ ವಿ-1 ಎಂಬ ಹಿಪ್ಪುನೇರಳೆ ತಳಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ರೂಪುಗೊಂಡಿತು. ಅದು ಊರಿಂದೂರಿಗೆ ಹಬ್ಬಿದ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೋಟ ಕಟಾವಾದ ದಿನ ನೆಂಟರೊಬ್ಬರು ಬೈಕಿನಲ್ಲಿ ಬರುತ್ತಾರೆ. ಬೆರಳು ಗಾತ್ರದ, ಚೆನ್ನಾಗಿ ಬಲಿತ ಕೊಂಬೆಗಳನ್ನು ತೋಟದವರೇ ಆರಿಸಿ ಕಟ್ಟು ಕಟ್ಟುತ್ತಾರೆ. ಒದ್ದೆ ಗೋಣಿಚೀಲ ಸುತ್ತಿ ಹಿಂದಿನ ಸೀಟಿಗೆ ಬಿಗಿಯುತ್ತಾರೆ. ಕಾಫಿ ಕುಡಿದು ಹೊರಡುವಾಗ ಎಷ್ಟು ಅಂತರಕ್ಕೆ ನೆಡಬೇಕೆಂಬ ಮಾತೂ ಜೊತೆಗೆ ಹೋಗುತ್ತದೆ. ಕೊಟ್ಟವರ ತೋಟ ಬರಿದಾಗುವುದಿಲ್ಲ, ಬುಡ ಮತ್ತೆ ಚಿಗುರುತ್ತದೆ. ಪ್ರತಿ ಕಟ್ಟಿಗೂ ಒಪ್ಪಿಗೆ ಪತ್ರ ಬೇಕಾಗಿದ್ದರೆ ಈ ತಳಿ ಇಷ್ಟು ಬೇಗ ಹಬ್ಬುತ್ತಿರಲಿಲ್ಲ, ನಿಮ್ಮ ಯಂತ್ರಕ್ಕೆ ಇಷ್ಟು ಗಿರಾಕಿಗಳೂ ಇರುತ್ತಿರಲಿಲ್ಲ. ಆ ತಳಿಯನ್ನು ರೂಪಿಸಿದವರು ಸರ್ಕಾರದ ಸಂಬಳದ ವಿಜ್ಞಾನಿಗಳೆಂಬುದನ್ನು ನಾನು ಮರೆಮಾಚುವುದಿಲ್ಲ. ಆದ್ದರಿಂದ ಸ್ವಂತ ಹಣ ಹೂಡಿದವರು ಪೇಟೆಂಟ್ ಇಲ್ಲದೆ ಹೊಸದನ್ನು ಮಾಡುತ್ತಾರೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿ ಉಗಿಯಂತ್ರದ ಚರಿತ್ರೆಯಲ್ಲಿದೆ. ಜೇಮ್ಸ್ ವ್ಯಾಟ್ 1769ರಲ್ಲಿ ಪೇಟೆಂಟ್ ಪಡೆದರು. 1775ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು 1800ರವರೆಗೆ ವಿಸ್ತರಿಸಿತು. ಆ ಅವಧಿಯಲ್ಲಿ ಜೊನಾಥನ್ ಹಾರ್ನ್‌ಬ್ಲೋವರ್ ರೂಪಿಸಿದ್ದ ಎರಡು ಸಿಲಿಂಡರಿನ ಯಂತ್ರಕ್ಕೂ ವ್ಯಾಟ್‌ನ ಪೇಟೆಂಟ್ ಅಡ್ಡ ಬಂದಿತು. ಪೇಟೆಂಟ್ ಮುಗಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿ ಎಂಜಿನಿಯರುಗಳು 1811ರಿಂದ ತಿಂಗಳಿಗೊಂದು ವರದಿಯನ್ನು ಹೊರತಂದರು. ಯಾವ ಗಣಿಯ ಪಂಪು ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು, ಅದರ ರಚನೆ ಎಂಥದು ಎಂಬುದನ್ನೆಲ್ಲ ಅದರಲ್ಲಿ ಹೆಸರು ಸಮೇತ ಪ್ರಕಟಿಸುತ್ತಿದ್ದರು. ಒಬ್ಬರ ಸುಧಾರಣೆಯನ್ನು ಇನ್ನೊಬ್ಬರು ಅಳವಡಿಸಿಕೊಂಡರು. ಕೆಲವೇ ದಶಕಗಳಲ್ಲಿ ಯಂತ್ರಗಳ ದಕ್ಷತೆ ಹಲವು ಪಟ್ಟು ಏರಿತು. ಗಣಿಯ ಷೇರುದಾರರಿಗೆ ಕಲ್ಲಿದ್ದಲು ಉಳಿಯಿತು, ಒಳ್ಳೆಯ ಯಂತ್ರ ಕಟ್ಟಿದವರಿಗೆ ಹೆಸರೂ ಕೆಲಸವೂ ಬಂದವು. ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದವರಲ್ಲಿ ಇದೇ ಕಾರ್ನ್‌ವಾಲ್‌ನ ಗಣಿಗಾರರೂ ಇದ್ದರು. ನೆದರ್ಲೆಂಡ್ಸ್ ದೇಶ 1869ರಲ್ಲಿ ಪೇಟೆಂಟನ್ನೇ ರದ್ದುಪಡಿಸಿ 1912ರವರೆಗೆ ಹಾಗೆಯೇ ನಡೆಯಿತು. ಫಿಲಿಪ್ಸ್ ಕಂಪನಿ ಅಲ್ಲಿ ವಿದ್ಯುತ್ ಬಲ್ಬು ಮಾಡಲು ಹೊರಟದ್ದು ಆ ಅವಧಿಯಲ್ಲೇ, 1891ರಲ್ಲಿ.

ವಿಶ್ವೇಶ್ವರಯ್ಯನವರು ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳಿಗೆ ಪೇಟೆಂಟ್ ಪಡೆದದ್ದು ನಿಜ. ಆಗ ಅವರು ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯ ಎಂಜಿನಿಯರು. ಅಣೆಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರನ್ನು ನಿಲ್ಲಿಸುವುದು ಹೇಗೆಂಬುದು ಅವರ ಮುಂದಿದ್ದ ಕೆಲಸ. ಪೇಟೆಂಟ್ ಎಂಬುದೇ ಇಲ್ಲದಿದ್ದರೆ ಅವರು ಆ ಗೇಟನ್ನು ಯೋಚಿಸುತ್ತಿರಲಿಲ್ಲವೆಂದು ನಂಬಲು ನನಗೆ ಸಾಧ್ಯವಿಲ್ಲ.

ಪೇಟೆಂಟ್ ಹುಟ್ಟಿದ್ದಾದರೂ ಹೇಗೆ? ಇಂಗ್ಲೆಂಡಿನ ದೊರೆಗಳು ಉಪ್ಪು, ಇಸ್ಪೀಟೆಲೆ ಮುಂತಾದವನ್ನು ತಯಾರಿಸುವ, ಮಾರುವ ಏಕಸ್ವಾಮ್ಯವನ್ನು ತಮಗೆ ಬೇಕಾದವರಿಗೆ ಸನ್ನದಿನ ಮೂಲಕ ಕೊಡುತ್ತಿದ್ದರು. ಜನ ರೋಸಿಹೋದ ಮೇಲೆ 1624ರಲ್ಲಿ ಸಂಸತ್ತು ಅದನ್ನು ನಿಷೇಧಿಸಿ, ಹೊಸ ಆವಿಷ್ಕಾರಗಳಿಗೆ ಮಾತ್ರ 14 ವರ್ಷಗಳ ವಿನಾಯಿತಿ ಇಟ್ಟಿತು. ಇಂದಿನ ಪೇಟೆಂಟ್ ಆ ವಿನಾಯಿತಿಯ ಸಂತಾನ. ರಾಜಾಜಿಯವರು ಪರ್ಮಿಟ್-ಲೈಸೆನ್ಸ್ ರಾಜ್ ಎಂದು ಕರೆದು ಜೀವಮಾನದ ಕೊನೆಯವರೆಗೂ ವಿರೋಧಿಸಿದ ವ್ಯವಸ್ಥೆಗೂ ಇದಕ್ಕೂ ಸ್ವಭಾವದಲ್ಲಿ ವ್ಯತ್ಯಾಸ ಕಡಿಮೆ. ಯಾರು ಏನನ್ನು ತಯಾರಿಸಬಹುದೆಂದು ಎರಡರಲ್ಲೂ ಸರ್ಕಾರದ ಕಚೇರಿಯೇ ತೀರ್ಮಾನಿಸುತ್ತದೆ.

ನಿಮ್ಮ ಯಂತ್ರದ ಅಲಗು ಯಾವ ತಿಂಗಳಲ್ಲಿ ಸವೆಯುತ್ತದೆ, ಯಾವ ಕಡ್ಡಿಗೆ ಎಷ್ಟು ಒತ್ತಡ ಬೇಕು ಎಂಬುದು ಎರಡು ವರ್ಷ ಅದರೊಡನೆ ಬದುಕಿದ ನಿಮಗೆ ಗೊತ್ತಿರುವಷ್ಟು ಬಿಚ್ಚಿ ನೋಡಿದವರಿಗೆ ಗೊತ್ತಿರಲಾರದು. ಅಲಗು ಬದಲಿಸಿಕೊಡುವ, ಕೆಟ್ಟಾಗ ತೋಟಕ್ಕೇ ಹೋಗಿ ಸರಿಪಡಿಸುವ ಸೇವೆಯನ್ನು ಮಾರಾಟದ ಜೊತೆ ಸೇರಿಸಿ. ಮುಂದಿನ ಸುಧಾರಣೆಯೂ ನಿಮ್ಮ ಕೈಯಿಂದಲೇ ಮೊದಲು ಬರಲಿ ಎಂದು ಮನಸಾರೆ ಹಾರೈಸುತ್ತೇನೆ.

ಪ್ರಶ್ನೆ: ಹಾಗಾದರೆ ನನ್ನ ನರ್ಸರಿಯ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿ ಕಳಪೆ ಟೊಮೆಟೊ ಬೀಜ ಮಾರುವವರನ್ನೂ ಬಿಟ್ಟುಬಿಡಬೇಕೇ?
(ನರ್ಸರಿ ಮಾಲೀಕರು, ಕೋಲಾರ)

ಉತ್ತರ: ಖಂಡಿತ ಬಿಡಬಾರದು. ಅಲ್ಲಿ ಸುಳ್ಳು ಹೇಳಿ ಹಣ ಪಡೆಯಲಾಗಿದೆ, ಮೋಸಹೋದವರು ರೈತರು. ಮುಕ್ತ ಮಾರುಕಟ್ಟೆ ನಿಲ್ಲುವುದೇ ಮಾತಿಗೆ ತಪ್ಪಬಾರದೆಂಬ ನಿಯಮದ ಮೇಲೆ. ಈ ಭೇದವನ್ನು ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಚೆನ್ನಾಗಿ ಗುರುತಿಸಿದೆ. ನೋಂದಾಯಿತ ತಳಿಯ ಬೀಜವನ್ನು ಕೂಡ ರೈತರು ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ.

ಪ್ರಶ್ನೆ: ಪೇಟೆಂಟ್ ಇಲ್ಲದಿದ್ದರೆ ಹೊಸ ಔಷಧಿ ಕಂಡುಹಿಡಿಯಲು ಕೋಟ್ಯಂತರ ರೂಪಾಯಿ ಸುರಿಯುವವರು ಯಾರು?
(ಫಾರ್ಮಸಿ ವಿದ್ಯಾರ್ಥಿನಿ, ಕೋಲಾರ)

ಉತ್ತರ: ನಾನು ಹೇಳುವ ಪಕ್ಷಕ್ಕೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಗರಿಷ್ಠ ಏಳು ವರ್ಷಕ್ಕೆ, ಕೊಟ್ಟಿತು. ಬೇರೆ ವಿಧಾನದಿಂದ ಅದೇ ಔಷಧಿಯನ್ನು ಮಾಡಲು ದಾರಿ ತೆರೆದದ್ದರಿಂದ ಭಾರತ ಜಗತ್ತಿಗೇ ಅಗ್ಗದ ಮಾತ್ರೆ ಒದಗಿಸುವ ದೇಶವಾಯಿತು. 2005ರಲ್ಲಿ ಔಷಧಿಗೇ ಪೇಟೆಂಟ್ ಕೊಡುವ ನಿಯಮ ಬಂದು ಆ ದಾರಿ ಕಿರಿದಾಯಿತು. ಏಕಸ್ವಾಮ್ಯ ಬೆಲೆಯನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದಕ್ಕೆ 2012ರ ಕಡ್ಡಾಯ ಪರವಾನಗಿಯ (ಪೇಟೆಂಟ್ ಇರುವವರ ಒಪ್ಪಿಗೆಯಿಲ್ಲದೆಯೂ ಬೇರೆಯವರಿಗೆ ತಯಾರಿಸಲು ಸರ್ಕಾರ ಕೊಡುವ ಅನುಮತಿಯ) ಪ್ರಕರಣ ಸಾಕು: ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿ ಸೊರಾಫೆನಿಬ್‌ಗೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಇದ್ದಲ್ಲಿ, ನ್ಯಾಟ್ಕೋ ಕಂಪನಿ 8,800 ರೂಪಾಯಿಗೆ ಕೊಡಲು ಒಪ್ಪಿತು. ಮನೆಯಲ್ಲಿ ಒಬ್ಬ ರೋಗಿಯಿರುವವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಏನೆಂದು ವಿವರಿಸಬೇಕಾಗಿಲ್ಲ.

ಆದರೂ ಆ ಔಷಧಿಯನ್ನು ಮೊದಲು ಕಂಡುಹಿಡಿದದ್ದು ಅಗ್ಗವಾಗಿ ತಯಾರಿಸಿದವರಲ್ಲ. ಮಾರುಕಟ್ಟೆವಾದಿಗಳ ಉತ್ತರವೆಂದರೆ, ವೆಚ್ಚದ ದೊಡ್ಡ ಪಾಲು ಸರ್ಕಾರದ ಅನುಮತಿಗಾಗಿ ನಡೆಸಬೇಕಾದ ದೀರ್ಘ ಪ್ರಯೋಗಗಳಿಂದ ಬರುತ್ತದೆ. ಒಂದು ಕೈಯಿಂದ ಹೊರೆ ಹೊರಿಸಿ ಇನ್ನೊಂದು ಕೈಯಿಂದ ಪೇಟೆಂಟ್ ಕೊಟ್ಟು ಅದನ್ನು ತೀರಿಸುವ ಬದಲು ಎರಡನ್ನೂ ಒಟ್ಟಿಗೆ ಇಳಿಸಬೇಕು. ಇದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಆದರೆ ಥಾಲಿಡೋಮೈಡ್ ಎಂಬ ಔಷಧಿಯನ್ನು ಸೇವಿಸಿದ ಗರ್ಭಿಣಿಯರ ಮಕ್ಕಳು ಅಂಗವಿಕಲರಾಗಿ ಹುಟ್ಟಿ, 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದದ್ದನ್ನು ನೆನೆದಾಗ, ಸುರಕ್ಷತೆಯ ಪರೀಕ್ಷೆಯನ್ನು ಇಳಿಸಬಹುದೆಂದು ನನ್ನಿಂದ ಹೇಳಲಾಗುವುದಿಲ್ಲ. ಔಷಧಿಯ ಪೇಟೆಂಟ್ ಅವಧಿಯನ್ನು ಕಡಿತಗೊಳಿಸುತ್ತ ಹೋಗಿ ಫಲವನ್ನು ನೋಡಬೇಕು ಎಂಬಲ್ಲಿಗೆ ನಿಲ್ಲುತ್ತೇನೆ. ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮಾಕ್ಲಪ್ 1958ರಲ್ಲಿ ಅಮೆರಿಕದ ಸೆನೆಟ್ ಸಮಿತಿಗೆ ಹೇಳಿದ್ದೂ ಇದೇ ಬಗೆಯ ಮಾತು: ಈ ವ್ಯವಸ್ಥೆ ಇಲ್ಲದಿದ್ದರೆ ಹೊಸದಾಗಿ ತರಬೇಕೆನ್ನಲು ಆಧಾರ ಸಾಲದು, ಇರುವುದರಿಂದ ಒಮ್ಮೆಲೇ ಕಿತ್ತೊಗೆಯಬೇಕೆನ್ನಲೂ ಸಾಲದು.

ಪ್ರಶ್ನೆ: ರೇಷ್ಮೆಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು, ಹುಳುವಿನ ಮೊಟ್ಟೆಯನ್ನು ಲೈಸೆನ್ಸ್ ಇರುವವರಿಂದಲೇ ಕೊಳ್ಳಬೇಕು. ಈ ಎರಡು ಕಟ್ಟುಪಾಡುಗಳೂ ಹೋಗಬೇಕೆನ್ನುತ್ತೀರಾ?
(ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ)

ಉತ್ತರ: ಎರಡೂ 1959ರ ಒಂದೇ ರಾಜ್ಯ ಕಾಯ್ದೆಯಿಂದ ಬಂದಿದ್ದರೂ ನನ್ನ ದೃಷ್ಟಿಯಲ್ಲಿ ಅವುಗಳ ಗುಣ ಬೇರೆ ಬೇರೆ.

ಗೂಡು ಕಣ್ಣಿಗೆ ಕಾಣುವ ಸರಕು. ನೀವು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೀರಿ, ಗೂಡಿನಿಂದ ನೂಲು ತೆಗೆಯುವ ರೀಲರು ಒಂದು ಹಿಡಿ ತೆಗೆದು ಅಮುಕಿ ನೋಡುತ್ತಾರೆ. ಇಬ್ಬರಿಗೂ ತಾವು ಏನನ್ನು ಕೊಡುತ್ತಿದ್ದೇವೆ, ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತು. ತೂಕದ ಮೋಸ ಮತ್ತು ಹಣದ ಬಾಕಿಯಿಂದ ಬೆಳೆಗಾರರನ್ನು ಕಾಪಾಡಲು ಬಹಿರಂಗ ಹರಾಜು ಬೇಕೆಂಬ ವಾದಕ್ಕೆ ಬೆಲೆಯಿದೆ, ಮತ್ತು ಶಿಡ್ಲಘಟ್ಟದ ಮಾರುಕಟ್ಟೆ ಆ ಕೆಲಸದಿಂದಲೇ ಹೆಸರು ಗಳಿಸಿದೆ. ಅಷ್ಟು ಉಪಕಾರಿಯಾದ ಮಾರುಕಟ್ಟೆಗೆ ಜನ ತಾವಾಗಿಯೇ ಬರುತ್ತಾರೆ. ಮನೆಬಾಗಿಲಲ್ಲಿ ಒಳ್ಳೆಯ ಬೆಲೆಯನ್ನು ನಗದಾಗಿ ಕೊಡುವ ರೀಲರ್ ಸಿಕ್ಕಾಗ ಮಾರಿದ ಬೆಳೆಗಾರರನ್ನು ತಪ್ಪಿತಸ್ಥರೆಂದು ನಿಲ್ಲಿಸುವುದು ಸರಿಯಲ್ಲ. ಮಾರುಕಟ್ಟೆ ಇರಲಿ, ಕಡ್ಡಾಯ ಹೋಗಲಿ.

ಮೊಟ್ಟೆಯ ವಿಷಯ ಹಾಗಲ್ಲ. ರೇಷ್ಮೆಹುಳುವಿನ ಗಂಟುರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನ ಹುಳುಮನೆಗಳಲ್ಲಿ ದುಡಿದು ಒಂದು ಉಪಾಯ ಕಂಡರು: ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಪಡಿಸುವುದು. ಇಂದಿಗೂ ರೋಗರಹಿತ ಮೊಟ್ಟೆಯೆಂದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊಟ್ಟೆ. ರೋಗವಿರುವ ಮೊಟ್ಟೆಯನ್ನು ಒಬ್ಬರು ತಂದರೆ ಪಕ್ಕದವರ ಹುಳುಮನೆಗೂ ಹರಡುತ್ತದೆ, ಆಮೇಲೆ ಯಾರಿಂದ ಬಂತೆಂದು ಹುಡುಕಿ ಪರಿಹಾರ ವಸೂಲು ಮಾಡುವುದು ಆಗದ ಮಾತು. ನೆರೆಯವರಿಗೆ ಹಾನಿ ಮಾಡುವ ಸ್ವಾತಂತ್ರ್ಯವನ್ನು ಯಾವ ಮಾರುಕಟ್ಟೆವಾದಿಯೂ ಕೇಳುವುದಿಲ್ಲ. ಆದ್ದರಿಂದ ಪರೀಕ್ಷೆ ಇರಲೇಬೇಕು. ಆದರೆ ಮೊಟ್ಟೆ ತಯಾರಿಸುವವರು ಎಷ್ಟು ಜನ ಇರಬೇಕೆಂದು ಕಚೇರಿ ತೀರ್ಮಾನಿಸಬಾರದು; ಪರೀಕ್ಷೆಯಲ್ಲಿ ಗೆದ್ದವರಿಗೆಲ್ಲ ಬಾಗಿಲು ತೆರೆದಿರಬೇಕು.

ಪ್ರಶ್ನೆ: ಡಿ.ವಿ.ಜಿ. ನಮ್ಮ ಊರಿನವರು. ಅವರ ಪದ್ಯಗಳನ್ನು ಶಾಲೆಯ ಕಾರ್ಯಕ್ರಮದಲ್ಲಿ ಹಾಡಿಸಲು, ಕಿರುಹೊತ್ತಿಗೆಯಾಗಿ ಅಚ್ಚುಹಾಕಿಸಿ ಹಂಚಲು ಅನುಮತಿ ಬೇಕೇ?
(ಶಿಕ್ಷಕಿ, ಮುಳಬಾಗಿಲು)

ಉತ್ತರ: ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳ ಹಕ್ಕು 2035ರ ಕೊನೆಯವರೆಗೆ ಉಳಿಯುತ್ತದೆ. ಈ ಅವಧಿ ಮೊದಲು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಅದನ್ನು 60ಕ್ಕೆ ಏರಿಸಲಾಯಿತು. ತೀರಿಹೋದ ಕವಿಯನ್ನು ಇನ್ನಷ್ಟು ಬರೆಯುವಂತೆ ಯಾವ ವಿಸ್ತರಣೆಯೂ ಪ್ರೋತ್ಸಾಹಿಸಲಾರದು ಎಂಬ ಟೀಕೆಗೆ ನನಗೆ ಇದುವರೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ. ಕೃತಿಸ್ವಾಮ್ಯ ಸಹಜ ಹಕ್ಕಲ್ಲ, ಶಾಸನ ಕೊಟ್ಟ ಹಕ್ಕು ಎಂದು ದೆಹಲಿ ಹೈಕೋರ್ಟ್ ಕೂಡ 2016ರಲ್ಲಿ, ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ, ಹೇಳಿದೆ.

ನಿಮ್ಮ ಕೆಲಸಕ್ಕೆ ಬರುವುದಾದರೆ, ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳು ಮತ್ತು ಶಿಕ್ಷಕರು ಹಾಡುವುದಕ್ಕೆ, ಕೇಳುವವರು ಶಾಲೆಯವರೂ ಪೋಷಕರೂ ಆಗಿರುವವರೆಗೆ, ಯಾರ ಅನುಮತಿಯೂ ಬೇಕಿಲ್ಲ. ಕಿರುಹೊತ್ತಿಗೆ ಅಚ್ಚುಹಾಕಿಸಿ ಹಂಚುವುದಾದರೆ ಹಕ್ಕುದಾರರಿಗೆ ಈಗಲೇ ಪತ್ರ ಬರೆಯಿರಿ. ಎಷ್ಟು ಪದ್ಯ, ಎಷ್ಟು ಪ್ರತಿ, ಉಚಿತವಾಗಿ ಹಂಚುತ್ತೀರೋ ಮಾರುತ್ತೀರೋ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿ.