ಬೈಬಲ್ ಓದುವಾಗ ದೇವರು ಮಾತಾಡುತ್ತಾರೆ ಅಂತ ಕ್ರೈಸ್ತರು ಹೇಳುತ್ತಾರಲ್ಲ, ಅದು ಹೇಗೆ? ಅದು ಅವರದೇ ಮನಸ್ಸಿನ ಮಾತಲ್ಲ ಅಂತ ಹೇಗೆ ಗೊತ್ತಾಗುತ್ತದೆ? ನಂಬಿಕೆ ಇಲ್ಲದವರೂ ಬೈಬಲ್ ಓದಬಹುದೇ?

ಕಿವಿಗೆ ದನಿ ಕೇಳಿಸುತ್ತದೆಯೇ ಅಂತ ನೀವು ಕೇಳುತ್ತಿದ್ದರೆ, ಇಷ್ಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಕೇಳಿಸಿಲ್ಲ. "ಇವತ್ತು ದೇವರು ನನ್ನ ಸಂಗಡ ಮಾತಾಡಿದರು" ಅಂತ ನಾವು ಹೇಳುವುದು ಬೇರೆಯದೇ ಅನುಭವಕ್ಕೆ. ಎಷ್ಟೋ ಸಲ ಓದಿದ ವಾಕ್ಯವೇ ಒಂದು ದಿನ ಹೆಸರು ಹಿಡಿದು ಕರೆದ ಹಾಗಾಗುತ್ತದೆ.

ನಾನು ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅವನ ಮನಸ್ಸು ತಿರುಗಲಿ ಅಂತ ದಿನಾ ಪ್ರಾರ್ಥನೆ ಮಾಡುತ್ತಿದ್ದೆ. ಒಂದು ಬೆಳಗ್ಗೆ ಮತ್ತಾಯನ ಸುವಾರ್ತೆ 5ನೇ ಅಧ್ಯಾಯ ಓದುತ್ತಿದ್ದೆ. ಕಾಣಿಕೆ ಅರ್ಪಿಸಲು ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಸಂಗಡ ಒಂದಾಗು ಅಂತ ಯೇಸು ಹೇಳುವ ಮಾತು ಅಲ್ಲಿದೆ. ನನಗದು ಬಾಯಿಪಾಠ. ಆದರೆ ಆ ದಿನ ಬೆರಳು "ಅಲ್ಲೇ ಬಿಟ್ಟು" ಎಂಬಲ್ಲಿ ನಿಂತುಬಿಟ್ಟಿತು. ಅಣ್ಣ ಏನು ಮಾಡಬೇಕು ಅಂತ ಅಲ್ಲಿ ಒಂದಕ್ಷರವೂ ಇರಲಿಲ್ಲ. ಎದ್ದು ಹೋಗಬೇಕಾದವನು ನಾನು. ಬೇಡ ಅಂತ ಪುಟ ತಿರುವಿ ಮುಂದಕ್ಕೆ ಹೋದೆ. 6ನೇ ಅಧ್ಯಾಯದಲ್ಲಿ ಕರ್ತನ ಪ್ರಾರ್ಥನೆ ಎದುರಾಯಿತು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಅಂತ. ಸಂಜೆ ಅಣ್ಣನಿಗೆ ಫೋನ್ ಮಾಡಿದೆ.

ಇಲ್ಲಿ ಹೊಸ ಸುದ್ದಿಯೇನೂ ನನಗೆ ತಿಳಿಯಲಿಲ್ಲ ಎಂಬುದನ್ನು ಗಮನಿಸಿ. ದೇವರು ತನ್ನನ್ನು ತಾನು ತಿಳಿಯಪಡಿಸಿಕೊಂಡದ್ದು ಪ್ರವಾದಿಗಳ ಮೂಲಕ, ಕಡೆಗೆ ಮಗನ ಮೂಲಕ ಅಂತ ಇಬ್ರಿಯರಿಗೆ ಬರೆದ ಪತ್ರ ಶುರುವಾಗುತ್ತದೆ. ಅದು ಪ್ರಕಟಣೆ. ಅದನ್ನು ಓದುವವನ ಒಳಗೆ ಪವಿತ್ರಾತ್ಮರು, ಅಂದರೆ ದೇವರ ಆತ್ಮ, ಬೆಳಕು ಕೊಡುವುದು ಇನ್ನೊಂದು. ಕ್ರಿಸ್ತನಲ್ಲಿ ಪ್ರಕಟವಾದದ್ದರ ಮೇಲೆ ಹೊಸ ಸಾರ್ವಜನಿಕ ಪ್ರಕಟಣೆ ಇನ್ನಿಲ್ಲ ಅಂತ ಕಥೋಲಿಕ ಸಭೆ 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲೂ ಹೇಳಿದೆ. ಶಾಸ್ತ್ರವನ್ನು, ಅಂದರೆ ಬೈಬಲನ್ನು, ಸಭೆಯ ಪರಂಪರೆಯ ಜೊತೆಗೇ ಓದಬೇಕು ಎಂಬುದು ಅವರ ಒತ್ತು. ಶಾಸ್ತ್ರವೇ ಅಂತಿಮ ಅಳತೆಗೋಲು ಎಂಬುದು ಪ್ರೊಟೆಸ್ಟಂಟರ ನಿಲುವು. ಪೆಂಟೆಕೋಸ್ಟ್ ಸಭೆಗಳವರು ಇಂದಿಗೂ ಪ್ರವಾದನೆ ಉಂಟು ಅಂತ ನಂಬುತ್ತಾರೆ, ಆದರೆ ಅದನ್ನೂ ವಾಕ್ಯದ ಮುಂದಿಟ್ಟು ಪರೀಕ್ಷಿಸಬೇಕು ಅಂತಲೇ ಕಲಿಸುತ್ತಾರೆ.

2 ತಿಮೊಥೆಯ 3:16ರಲ್ಲಿ ಶಾಸ್ತ್ರಕ್ಕೆ ಬಳಸಿದ ಗ್ರೀಕ್ ಪದದಲ್ಲಿ ದೇವರೂ ಇದ್ದಾರೆ, ಉಸಿರೂ ಇದೆ. ನಮ್ಮಲ್ಲಿ "ದೈವಪ್ರೇರಿತ" ಅಂತ ಅನುವಾದಿಸುತ್ತಾರೆ. ನನಗೆ ಉಸಿರೇ ಹತ್ತಿರವಾಗುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಮನಸ್ಸು ಮೋಸ ಮಾಡುತ್ತದೆ, ನನಗೆ ಮಾಡಿದೆ. ಕೆಲಸ ಇಲ್ಲದ ದಿನಗಳಲ್ಲಿ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಯೆರೆಮೀಯ 29:11 ಸಿಕ್ಕಿತು. ನಿಮ್ಮ ಕೇಡಿಗಲ್ಲ, ಹಿತಕ್ಕಾಗಿಯೇ ಯೋಚಿಸಿದ್ದೇನೆ ಎಂಬ ಮಾತು. ಮಾರನೆಯ ದಿನದ ಸಂದರ್ಶನಕ್ಕೆ ಇದೇ ವಾಗ್ದಾನ ಅಂದುಕೊಂಡೆ. ಕೆಲಸ ಸಿಗಲಿಲ್ಲ, ದೇವರ ಮೇಲೆ ತಿಂಗಳುಗಟ್ಟಲೆ ಮುನಿಸಿಕೊಂಡೆ. ಆಮೇಲೆ ಒಬ್ಬ ಹಿರಿಯರು 28ನೇ ಅಧ್ಯಾಯದಿಂದ ಓದಿಸಿದರು. ಅಲ್ಲಿ ಹನನ್ಯ ಎಂಬ ಪ್ರವಾದಿ ಯೆಹೂದ್ಯರ ಮೇಲಿದ್ದ ಬಾಬೆಲಿನ ಅರಸನ ನೊಗ ಎರಡೇ ವರ್ಷದಲ್ಲಿ ಮುರಿಯುತ್ತದೆ ಅನ್ನುತ್ತಾನೆ. ಜನರಿಗೆ ಬೇಕಿದ್ದದ್ದೂ ಅದೇ, ಆದರೆ ಅದು ಸುಳ್ಳು. ಯೆರೆಮೀಯ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪತ್ರ ಬರೆದು, ಮನೆ ಕಟ್ಟಿ, ತೋಟ ಹಾಕಿ, 70 ವರ್ಷ ಹಿಡಿಯುತ್ತದೆ ಅನ್ನುತ್ತಾನೆ. ಆ 70ರ ಮರುವಾಕ್ಯವೇ ನಾನು ಬೆರಳಿಟ್ಟದ್ದು. ಯೆರೆಮೀಯನ ಪುಟ ಹಿಡಿದುಕೊಂಡು ನಾನು ಹನನ್ಯನ ಮಾತು ಕೇಳುತ್ತಿದ್ದೆ.

386ರಲ್ಲಿ ಮಿಲಾನಿನ ತೋಟದಲ್ಲಿ, ಮುಂದೆ ಬಿಷಪರಾದ ಅಗಸ್ಟೀನರು ಪುಸ್ತಕ ತೆರೆದಾಗ ಕಂಡ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದ ಸಾಲುಗಳು ಅವರ ಬದುಕನ್ನೇ ತಿರುಗಿಸಿದವಲ್ಲವೇ ಅಂತ ಕೆಲವರು ವಾದಿಸುತ್ತಾರೆ. ನಿಜ. ಆದರೆ ಅದಕ್ಕೂ ಮೊದಲು ಅವರು ಅಲ್ಲಿನ ಬಿಷಪ್ ಅಂಬ್ರೋಸರ ಪ್ರಸಂಗಗಳನ್ನು ಕೇಳುತ್ತಾ, ಪೌಲನ ಪತ್ರಗಳನ್ನು ಓದುತ್ತಾ ಇದ್ದರು. ಅದನ್ನು ಮರೆತು ಬೆರಳಿಡುವುದನ್ನು ಮಾತ್ರ ಕಲಿಯಬಾರದು. ಮತ್ತಾಯ 4ರಲ್ಲಿ ಸೈತಾನನೂ ಬೈಬಲಿನ ಕೀರ್ತನೆಯೊಂದನ್ನು ಉಲ್ಲೇಖಿಸಿಯೇ ಯೇಸುವಿಗೆ ಬಲೆ ಹಾಕುತ್ತಾನೆ.

ಹಾಗಾಗಿ ಈಗ ನಾನು ಹಿಂದುಮುಂದಿನ ಅಧ್ಯಾಯ ಓದದೆ ಯಾವ ವಾಕ್ಯವನ್ನೂ ನನ್ನದು ಅನ್ನುವುದಿಲ್ಲ. ನನ್ನ ಆಸೆಗೆ ತಾಳ ಹಾಕಿದರೆ ಇನ್ನಷ್ಟು ನಿಧಾನಿಸುತ್ತೇನೆ, ಸಭೆಯ ಹಿರಿಯರಿಗೆ ತೋರಿಸುತ್ತೇನೆ. ಇಷ್ಟಾದರೂ ಹೊರಗೆ ನಿಂತವರಿಗೆ ಸಾಬೀತು ಮಾಡಿ ತೋರಿಸಲು ನನ್ನಿಂದಾಗದು. ಪವಿತ್ರಾತ್ಮರ ಒಳಸಾಕ್ಷಿಯೇ ವಾಕ್ಯವನ್ನು ನಿಶ್ಚಯಪಡಿಸುತ್ತದೆ ಅಂತ 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನರು ಹೇಳಿದ್ದು ಇದನ್ನೇ.

ನಂಬಿಕೆ ಇಲ್ಲದಿದ್ದರೂ ಓದಬಹುದೇ ಅಂತಲೂ ಕೇಳಿದ್ದೀರಿ. ಖಂಡಿತ ಓದಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ತಿಳಿಯುತ್ತದೋ ಅಂತ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಕೇಳಿದರೆ, ಯಾರಾದರೂ ತಿಳಿಸಿಕೊಡದೆ ಹೇಗೆ ತಿಳಿದೀತು ಅನ್ನುತ್ತಾನೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ, 16 ಅಧ್ಯಾಯ ಅಷ್ಟೆ. ತಡೆದ ಕಡೆ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.